ಬಾತ್‌ರೂಮ್ ಹೊಸದು, ಕೆಳಗಿನ ಮನೆಯ ಸೀಲಿಂಗ್ ಒದ್ದೆ. ಕಂಟ್ರಾಕ್ಟರ್ ಫೋನ್ ಎತ್ತುತ್ತಿಲ್ಲ. ಏನು ಮಾಡೋದು?

ಮುಲುಂಡ್ ವಾಸಿ:
ಎಲ್ಲರಿಗೂ ನಮಸ್ಕಾರ. ನಾವಿರೋದು ಮುಲುಂಡ್ ಪಶ್ಚಿಮದಲ್ಲಿ, ಮೂವತ್ತು ವರ್ಷ ದಾಟಿದ ಕಟ್ಟಡದ ನಾಲ್ಕನೇ ಮಾಳಿಗೆ. ದೀಪಾವಳಿ ಕಳೆದ ಮೇಲೆ ಒಳಗಿನ ಬಾತ್‌ರೂಮ್ ಪೂರ್ತಿ ಒಡೆಸಿ ಹೊಸದು ಮಾಡಿಸಿದೆವು. ಮಟೀರಿಯಲ್ ಸೇರಿ 1 ಲಕ್ಷ 85 ಸಾವಿರಕ್ಕೆ ಮಾತಾಗಿತ್ತು. 20 ಸಾವಿರ ಬಾಕಿ ಇಟ್ಟುಕೊಂಡಿದ್ದೇವೆ, ಉಳಿದದ್ದೆಲ್ಲ ಕೊಟ್ಟಾಗಿದೆ. ಎದುರಿನ ವಿಂಗ್‌ನಲ್ಲಿ ಇದೇ ಜನ ಅಡಿಗೆಮನೆ ಮಾಡಿದ್ದರು, ನೋಡಲಿಕ್ಕೆ ಚಂದ ಉಂಟು ಅಂತ ಇವರಿಗೇ ಕೊಟ್ಟದ್ದು.

ಈಗ ನೋಡಿದರೆ ನೀರು ಮೋರಿಯ ಜಾಲಿಯ ಕಡೆ ಹೋಗುವ ಬದಲು ಬಾಗಿಲ ಬುಡಕ್ಕೆ ಬಂದು ನಿಲ್ತದೆ. ಕಮೋಡ್ ಪಕ್ಕದ ಟೈಲ್‌ಗಳನ್ನು ಬೆರಳಲ್ಲಿ ತಟ್ಟಿದರೆ ಟೊಳ್ಳು ಸದ್ದು. ಅದೆಲ್ಲ ಹೇಗೋ ಸಹಿಸಿಕೊಳ್ಳಬಹುದು. ಮೊನ್ನೆ ಕೆಳಗಿನ ಮನೆಯ ಆಜಿ ಕರೆದು ತೋರಿಸಿದರು: ಅವರ ಬಾತ್‌ರೂಮ್ ಸೀಲಿಂಗ್‌ನಲ್ಲಿ ದೊಡ್ಡ ಹಳದಿ ಕಲೆ, ಅಂಚಿನಲ್ಲಿ ಬಣ್ಣ ಗುಳ್ಳೆ ಎದ್ದು ಪುಡಿ ಉದುರ್ತಾ ಉಂಟು. ಪಾಪ, ಬಕೆಟ್ ಮೇಲೆ ಪೇಪರ್ ಮುಚ್ಚಿ ಸ್ನಾನ ಮಾಡ್ತಿದ್ದಾರೆ.

ಕಂಟ್ರಾಕ್ಟರ್ ಮೊದಲು "ಗ್ರೌಟ್ ಭರ್ ದೇಂಗೆ ಮ್ಯಾಡಮ್, ಹೋ ಜಾಯೇಗಾ" ಅಂದ. ಒಬ್ಬ ಹುಡುಗ ಬಂದು ಸಂದಿಗೆಲ್ಲ ಬಿಳಿ ಪೇಸ್ಟ್ ತುಂಬಿ ಹೋದ. ಕಲೆ ಇನ್ನೂ ದೊಡ್ಡದಾಯ್ತು. ಈಗ ಫೋನೇ ಎತ್ತೋದಿಲ್ಲ. ನಮ್ಮವರು "ಬಿಡು, ಬೇರೆಯವರನ್ನು ಕರೆಸುವಾ" ಅಂತಾರೆ. ನನಗೆ ಬಿಡಲಿಕ್ಕೆ ಮನಸ್ಸಿಲ್ಲ. ಯಾರಿಗಾದರೂ ಅನುಭವ ಉಂಟಾ?

ವಾಶಿ ಅಪ್ಪು:
ಆ ಜನರ ನಂಬರ್ ಇಲ್ಲಿ ಹಾಕಿ ಅಕ್ಕ, ನಾವಾದರೂ ಜಾಗ್ರತೆ ಇರ್ತೇವೆ.

ಚೆಂಬೂರು ಸೆಕ್ರೆಟರಿ:
ಹೆಸರು, ನಂಬರ್ ಯಾವುದೂ ಇಲ್ಲಿ ಬೇಡ ಮಾರಾಯ್ರೆ. ನಾಳೆ ಅವನು ಮಾನನಷ್ಟದ ನೋಟಿಸ್ ಕಳಿಸಿದರೆ ನೀರಿನ ಜಗಳ ಹೋಗಿ ಅದೇ ಜಗಳವಾಗ್ತದೆ.

ಮುಲುಂಡ್ ಅಕ್ಕ, ನಾನು ನಮ್ಮ ಸೊಸೈಟಿಯಲ್ಲಿ ಸೆಕ್ರೆಟರಿ. ಸಂಬಳ ಇಲ್ಲ, ಬೈಗುಳಕ್ಕೆ ಬರ ಇಲ್ಲ. ನಮ್ಮ ಕಪಾಟಿನ ಫೈಲ್‌ಗಳಲ್ಲಿ ಅರ್ಧಕ್ಕರ್ಧ ಲೀಕೇಜ್ ತಕರಾರೇ. ಒಂದು ವಿಷಯ ಗೊತ್ತಿರಲಿ. ಮಹಾರಾಷ್ಟ್ರದ ಹೌಸಿಂಗ್ ಸೊಸೈಟಿಗಳ ಮಾದರಿ ಉಪವಿಧಿ (ಬೈಲಾ) ಪ್ರಕಾರ ಮಳೆನೀರು, ಹೊರಗಿನ ಸಾಮಾನ್ಯ ಪೈಪು, ಡ್ರೈನೇಜ್ ಲೈನ್ ಸೋರಿದರೆ ಖರ್ಚು ಸೊಸೈಟಿಯದ್ದು. ಟಾಯ್ಲೆಟ್, ಸಿಂಕ್‌ನಂಥ ಒಳಗಿನ ಸೋರಿಕೆಯಾದರೆ, ಮೂಲ ಎಲ್ಲಿ ಅಂತ ಗೊತ್ತಾದ ಮೇಲೆ, ಖರ್ಚು ಆ ಫ್ಲ್ಯಾಟಿನವರದ್ದು. ಕಂಟ್ರಾಕ್ಟರ್ ಹಾಳು ಮಾಡಿದ್ದು ಅಂತ ನೀವು ಎಷ್ಟು ಹೇಳಿದರೂ ಕೆಳಗಿನ ಆಜಿಯ ಲೆಕ್ಕದಲ್ಲಿ ಜವಾಬ್ದಾರಿ ನಿಮ್ಮದೇ. ಅವರ ಸೀಲಿಂಗ್‌ಗೆ ಬಣ್ಣ ಹೊಡೆಸುವ ದುಡ್ಡನ್ನೂ ಕಂಟ್ರಾಕ್ಟರ್ ಲೆಕ್ಕಕ್ಕೆ ಸೇರಿಸಿ ಬರೆದಿಟ್ಟುಕೊಳ್ಳಿ. ಆಜಿಯ ಹತ್ತಿರ ಮಾತ್ರ ಜಗಳಕ್ಕೆ ಹೋಗಬೇಡಿ, ಮುಂದೆ ಅವರ ಫೋಟೋ, ಅವರ ಸಾಕ್ಷಿ ಎರಡೂ ಬೇಕಾಗ್ತದೆ.

ಗೌಂಡಿ ಮಗ, ಪುಣೆ:
ಅಕ್ಕಾರ, ಮೊದಲ ಸಿಟ್ಟು ಬದಿಗಿಡ್ರಿ, ನೀರು ಎಲ್ಲಿಂದ ಇಳ್ಯಾಕತ್ತದ ಅದನ್ನ ಹಿಡೀರಿ. ನಮ್ಮಪ್ಪ ಇಂಡಿ ಕಡಿಂದ ಪುಣೆಕ್ಕ ಗೌಂಡಿ ಕೆಲಸಕ್ಕ ಬಂದಾಂವ. ನಾ ಈಗ ಹಿಂಜವಡಿ ಕಡೆ ಸೈಟ್ ಸೂಪರ್‌ವೈಸರ್ ಅದೀನಿ. ಗ್ರೌಟ್ ತುಂಬಿದ್ರ ಸೋರೋದು ನಿಲ್ತದ ಅಂದಾಂವಗ ಕೆಲಸ ಗೊತ್ತಿಲ್ಲ, ಇಲ್ಲಾ ಗೊತ್ತಿದ್ದೂ ನಿಮ್ಮನ್ನ ಸಾಗಹಾಕ್ಯಾನ. ಗ್ರೌಟ್ ಇರೋದು ಟೈಲಿನ ಸಂದು ಮುಚ್ಚಾಕ. ನೀರು ತಡಿಯೋದು ಟೈಲಿನ ಬುಡಕ್ಕ ಇರೋ ಕೋಟಿಂಗ್.

ಹುಡುಕೋದು ಹಿಂಗ. ಮೊದಲ ಒಂದಿನ ಆ ಬಾತ್‌ರೂಮ್ ಬಳಸಬ್ಯಾಡ್ರಿ, ಆದ್ರ ನೀರಿನ ವಾಲ್ವ್ ಚಾಲೂ ಇರ್ಲಿ. ಆಗೂ ಕೆಳಗ ಹನಿ ನಿಲ್ಲಲಿಲ್ಲಂದ್ರ ಗ್ವಾಡಿಯೊಳಗಿನ ಪೈಪ್ ಕಡೆ ಸಂಶಯ ಪಡ್ರಿ. ಸಿಪಿವಿಸಿ ಅನ್ನೋ ಪ್ಲಾಸ್ಟಿಕ್ ಪೈಪಿಗೆ ಅದರದ್ದೇ ಸಾಲ್ವೆಂಟ್ ಅಂಟು ಬೇಕು. ಕೈಗೆ ಸಿಕ್ಕ ಪಿವಿಸಿ ಅಂಟು ಹಚ್ಚಿದ್ರ, ಇಲ್ಲಾ ನಳ ಕೂಡಿಸೋವಾಗ ಎಲ್ಬೋ ಮ್ಯಾಲೆ ಜೋರ್ ಹಾಕಿ ಪಾನಾ ತಿರುವಿದ್ರ, ಕೂದಲೆಳಿಯಷ್ಟು ಬಿರುಕು ಬಿಡ್ತದ. ಪ್ರೆಶರ್ ಪಂಪ್ ಹಚ್ಚಿ ಪರೀಕ್ಷೆ ಮಾಡ್ದೇ ಗಿಲಾವು ಮುಚ್ಚಿರ್ತಾರ, ಯಾರಿಗೂ ಕಾಣಂಗಿಲ್ಲ.

ಹನಿ ನಿಂತ್ರ ಆಮ್ಯಾಲ ನಹಾಣಿ ಟ್ರ್ಯಾಪ್, ಅಂದ್ರ ಜಾಲಿ ಬುಡಕ್ಕ ಇರೋ ನೀರು ಹೋಗೋ ಬಟ್ಟಲ, ನೋಡ್ರಿ. ಒಂದ್ ಬಕೆಟ್ ನೀರಿಗೆ ಬಣ್ಣ ಕಲಸಿ, ನೆಲಕ್ಕ ಒಂದ್ ಹನಿನೂ ತಾಗದಂಗ ಪೈಪ್ ಹಿಡಿದು ಜಾಲಿ ಒಳಗಷ್ಟ ಸುರೀರಿ. ಕೆಳಗ ಬಣ್ಣ ಇಳಿದ್ರ ಟ್ರ್ಯಾಪ್ ಜೋಡಣೆಯೊಳಗ ದೋಷ. ಅದೂ ಅಲ್ಲಂದ್ರ ಜಾಲಿ ಬಾಯಿ ಬಿಗಿಯಾಗಿ ಮುಚ್ಚಿ ನೆಲದ ತುಂಬ ಒಂದೆರಡು ಇಂಚು ನೀರು ನಿಲ್ಲಿಸಿ ಒಂದು ದಿನ ಬಿಡ್ರಿ. ಆಗ ಸೋರಿದ್ರ ಕೋಟಿಂಗ್ ಸತ್ತದ, ಇಲ್ಲಾ ಹಾಕೇ ಇಲ್ಲ. ಮೂರೂ ಒಮ್ಮೆಗೇ ಮಾಡಬ್ಯಾಡ್ರಿ, ಮಾಡಿದ್ರ ಏನೂ ತಿಳಿಯಂಗಿಲ್ಲ.

ಒಂದ್ ಮಾತು ಕೇಳ್ತೀನಿ. ಹಳೇ ನೆಲ ಒಡಿಯೋವಾಗ ಛಿನ್ನಿ-ಸುತ್ತಿಗಿಲೆ ಒಡದ್ರೋ, ಬ್ರೇಕರ್ ಮಷೀನ್ ತಂದಿದ್ರೋ?

ಮುಲುಂಡ್ ವಾಸಿ:
ಮಷೀನ್ ತಂದಿದ್ರು ಅಣ್ಣ. ಒಂದೇ ದಿನದಲ್ಲಿ ಮುಗಿಸಿದರು. ಇಡೀ ಕಟ್ಟಡ ನಡುಗುತ್ತಿತ್ತು, ಮೂರನೇ ಮಾಳಿಗೆಯವರು ಬಂದು ಗಲಾಟೆ ಮಾಡಿ ಹೋದರು.

ಗೌಂಡಿ ಮಗ, ಪುಣೆ:
ಅಲ್ಲೇ ಇರಬೇಕು ನೋಡ್ರಿ. ಮುಂಬೈದ ಹಳೇ ಕಟ್ಟಡದಾಗ ಬಾತ್‌ರೂಮ್ ಸ್ಲ್ಯಾಬ್ ತಗ್ಗಿನ್ಯಾಗ ಇರ್ತದ. ಅದರೊಳಗ ಇಟ್ಟಂಗಿ ತುಂಡು, ಸಿಮೆಂಟ್ ಹಾಕಿ ಬ್ರಿಕ್‌ಬ್ಯಾಟ್ ಕೋಬಾ ತುಂಬಿರ್ತಾರ. ನಡಕ ಹಳೇ ಬೀಡಿನ (ಎರಕದ ಕಬ್ಬಿಣದ) ನಹಾಣಿ ಟ್ರ್ಯಾಪ್ ಕುಂತಿರ್ತದ. ಬ್ರೇಕರ್ ಹೊಡ್ತಕ್ಕ ಟ್ರ್ಯಾಪ್ ಮತ್ತು ಪೈಪಿನ ಜೋಡಣೆ ಸಡ್ಲ ಆಗ್ತದ. ಮಿಸ್ತ್ರಿ ಮ್ಯಾಲಿಂದ ನೋಡಿದ್ರ ಎಲ್ಲಾ ಸರಿನೇ ಕಾಣ್ತದ. ಹಂಗೇ ಮ್ಯಾಲೆ ಹೊಸಾ ಟೈಲ್ ಕೂಡಸ್ತಾರ.

ಟೊಳ್ಳು ಸದ್ದಿಂದು ಬ್ಯಾರೆ ಕತಿ. ವಿಟ್ರಿಫೈಡ್ ಟೈಲ್ ನೀರು ಹೀರೋದು 0.5 ಪರ್ಸೆಂಟಕ್ಕಿಂತ ಕಡಿಮಿ. ಅದರ ಬೆನ್ನಿಗೆ ಬರೇ ಸಿಮೆಂಟ್ ರಾಡಿ ಹಚ್ಚಿದ್ರ ಹಿಡಿಯಂಗಿಲ್ಲ. ಐಎಸ್ (ಭಾರತೀಯ ಮಾನಕ) 15477 ಅಂತ ಬರದಿರೋ ಟೈಲ್ ಅಡ್ಹೆಸಿವ್ ಚೀಲ ಬರ್ತಾವ, ಅದನ್ನ ಹಲ್ಲಿನ ಕರಣಿಲೆ ಪೂರಾ ಎಳೀಬೇಕು. ನಮ್ಮ ಮಂದಿ ಏನ್ ಮಾಡ್ತಾರ, ನಾಲ್ಕು ಮೂಲಿಗೆ ನಾಲ್ಕು ಉಂಡಿ, ನಡಕ ಒಂದು ಉಂಡಿ ಇಟ್ಟು ಒತ್ತಿ ಬಿಡ್ತಾರ. ನಡು ನಡು ಖಾಲಿ. ಅಲ್ಲಿ ನೀರು ಹೊಕ್ಕು ಕುಂತ್ರ ಒಣಗೋದ ಇಲ್ಲ.

ಮಡಗಾಂವ್ ಮಾಣಿ:
ಮೇಲಿನ ಉತ್ತರ ಓದಿ ನಮ್ಮ ಮನೆಯ ಟೈಲ್ ತಟ್ಟಿ ನೋಡಿದೆ. ಹಾಳಾಗಿ ಹೋಗಲಿ, ನೆಮ್ಮದಿಯಾಗಿದ್ದೆ.

ಗೋವಾದ ಕತೆಯನ್ನೂ ಸ್ವಲ್ಪ ಹೇಳ್ತೇನೆ. ವಾಸ್ಕೊ, ಝುವಾರಿನಗರ, ಮಡಗಾಂವ್ ಕಡೆ ಗೌಂಡಿ ಕೆಲಸದಲ್ಲಿ ವಿಜಯಪುರ, ಬಾಗಲಕೋಟೆ, ಗದಗ ಕಡೆಯವರು ಬಹಳ. ಕನ್ನಡ ಮಾತಾಡಿದರೆ ಸಾಕು, ನಮ್ಮ ಅಮ್ಮ ಚಹಾ, ಅವಲಕ್ಕಿ ಕೊಟ್ಟು ಮನೆ ಮಕ್ಕಳ ಹಾಗೆ ನೋಡ್ತಾಳೆ. ಅದು ಸರಿಯೇ. ಆದರೆ "ನಮ್ಮ ಕಡೆಯವರು, ಅವರ ಹತ್ತಿರ ಎಂಥ ಕಾಗದ" ಅಂತ ಒಂದು ಗೆರೆ ಬರೆಸಿಕೊಳ್ಳುವುದಿಲ್ಲ. ಆಮೇಲೆ ಕೆಲಸ ಹಾಳಾದರೆ ಕೇಳುವುದಕ್ಕೂ ನಾಚಿಕೆ. ಗೊತ್ತಿಲ್ಲದವನ ಹತ್ತಿರ ನಾವು ಇದಕ್ಕಿಂತ ಧೈರ್ಯವಾಗಿ ಮಾತಾಡ್ತೇವೆ.

ನನ್ನ ತಕರಾರು ಬಡಗಿ ಕೆಲಸದ್ದು. ಅಡಿಗೆಮನೆ ಕಪಾಟಿಗೆ ಮರೀನ್ ಪ್ಲೈ ಅಂತ ದುಡ್ಡು ತೆಗೆದುಕೊಂಡ. ಒಂದು ಮಳೆಗಾಲ ಕಳೆಯುವುದರೊಳಗೆ ಸಿಂಕ್ ಕೆಳಗಿನ ಹಲಗೆ ಉಬ್ಬಿ ಪದರ ಪದರ ಬಿಟ್ಟಿತು. ಒಂದು ತುಂಡು ತಿರುಗಿಸಿ ನೋಡಿದರೆ ಐಎಸ್ 303, ಎಂಆರ್ ಅಂತ ಮುದ್ರೆ. ಅದು ಒಳಗಿನ ಒಣ ಜಾಗಕ್ಕೆ ಆಗುವ ಮಾಲು. ಮರೀನ್ ಅಂದರೆ ಐಎಸ್ 710. ಹೊರಗೆ ಲ್ಯಾಮಿನೇಟ್ ಅಂಟಿಸಿದ ಮೇಲೆ ಮುದ್ರೆ ಯಾರಿಗೆ ಕಾಣ್ತದೆ? ಕತ್ತರಿಸಿದ ಅಂಚಿಗೆ ಎಡ್ಜ್ ಪಟ್ಟಿಯೂ ಇಲ್ಲ, ಸೀಲರ್ ಕೂಡ ಇಲ್ಲ. ಗೋವಾದ ಜೂನ್ ಹವೆಗೆ ಅಷ್ಟೇ ಸಾಕು.

ಪಿಂಪ್ರಿ:
ಬಡಗಿ, ಪೇಂಟರ್ ಯಾರೇ ಆಗಲಿ "ಮಾಲು ನಾನೇ ತರ್ತೀನಿ" ಅಂತ ಹಠ ಹಿಡಿದರೆ ಕಾರಣ ಕೇಳಿ. ಪೇಂಟ್ ಡಬ್ಬಿಗಳಲ್ಲಿ ಪೇಂಟರ್‌ಗೆಂದೇ ಟೋಕನ್ ಬರುತ್ತದೆ. ಪ್ಲೈವುಡ್ ಅಂಗಡಿಯಲ್ಲಿ ಬಡಗಿಗೆ ಕಮಿಷನ್ ಮಾಮೂಲು. ಟೋಕನ್ ಬೇಕಾದರೆ ತಗೊಳ್ಳಲಿ, ನನಗೇನೂ ಬೇಜಾರಿಲ್ಲ. ಡಬ್ಬಿಯ ಸೀಲ್ ಮಾತ್ರ ನನ್ನ ಎದುರೇ ಒಡೀಬೇಕು ಅಂತ ಹೇಳಿದ್ದೆ. ಎಷ್ಟು ನೀರು ಕಲಸ್ತಾರೆ ಅಂತಲೂ ಆಗಲೇ ಗೊತ್ತಾಗೋದು.

ನನ್ನದೊಂದು ಬೇರೆ ಪ್ರಶ್ನೆ, ಇಲ್ಲೇ ಕೇಳ್ತೀನಿ. ವಾಕಡ್‌ನಲ್ಲಿ ಹೊಸ ಫ್ಲ್ಯಾಟ್. ಪೊಸೆಶನ್ ಸಿಕ್ಕಿ ಎರಡು ವರ್ಷ ಆಗಿಲ್ಲ, ಹಾಲ್‌ನ ಟೈಲ್‌ಗಳು ಒಂದು ರಾತ್ರಿ ಪಟಾರ್ ಅಂತ ಎದ್ದು ಡೇರೆ ಹಾಗೆ ನಿಂತಿವೆ. ಬಿಲ್ಡರ್ ಕಡೆಯವರು "ನೀವು ಫರ್ನಿಚರ್ ಕೆಲಸ ಮಾಡಿಸಿದ್ದೀರಿ, ಅದಕ್ಕೇ ಹೀಗೆ" ಅಂತಾರೆ. ಇದಕ್ಕೂ ಅದಕ್ಕೂ ಏನು ಸಂಬಂಧ?

ಡೊಂಬಿವಲಿ ವಕೀಲೆ:
ಪಿಂಪ್ರಿಯವರದ್ದು ಮೊದಲು. ನಿಮ್ಮದು ಬಿಲ್ಡರ್ ಹಾಕಿದ ಟೈಲ್ ಆದ್ದರಿಂದ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆಯ 14(3)ನೇ ಕಲಮು ನೋಡಿ. ಪೊಸೆಶನ್ ಕೊಟ್ಟ ದಿನದಿಂದ 5 ವರ್ಷದೊಳಗೆ ರಚನೆಯ ದೋಷ ಅಥವಾ ಕಾಮಗಾರಿಯ ಗುಣಮಟ್ಟದ ದೋಷ ಬಿಲ್ಡರ್ ಗಮನಕ್ಕೆ ತಂದರೆ 30 ದಿನದೊಳಗೆ ಅವರು ದುಡ್ಡು ಕೇಳದೆ ಸರಿಪಡಿಸಬೇಕು. ಮಾಡದಿದ್ದರೆ ಪರಿಹಾರ ಕೇಳುವ ಹಕ್ಕಿದೆ. ಇಮೇಲ್ ಮಾಡಿ, ಬಾಯಿಮಾತು ಬೇಡ. ನೀವು ಆ ಹಾಲ್‌ನ ನೆಲ ಕೊರೆಸಿರದಿದ್ದರೆ ಅವರ ವಾದ ನಿಲ್ಲುವುದು ಕಷ್ಟ.

ಮುಲುಂಡ್ ಅವರಿಗೆ ರೇರಾ ಅನ್ವಯಿಸದು. ನಿಮಗೆ ಇರುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ. ದುಡ್ಡು ಕೊಟ್ಟು ಪಡೆದ ಸೇವೆಯಲ್ಲಿ ನ್ಯೂನತೆ ಎಂದು ಜಿಲ್ಲಾ ಆಯೋಗಕ್ಕೆ ದೂರು ಕೊಡಬಹುದು. ಹಳೆಯ ಕಾಯ್ದೆಗಿಂತ ಇದರಲ್ಲಿ ಒಂದು ಅನುಕೂಲ: ನೀವು ವಾಸ ಮಾಡುವ ಊರಿನಲ್ಲೇ ದೂರು ಹಾಕಬಹುದು, ಅವನ ಆಫೀಸು ಎಲ್ಲಿದೆ ಎಂದು ಹುಡುಕಿಕೊಂಡು ಹೋಗಬೇಕಿಲ್ಲ. ಕೊಟ್ಟ ಮೊತ್ತ 5 ಲಕ್ಷದೊಳಗಿದ್ದರೆ ಶುಲ್ಕವೇ ಇಲ್ಲ. ಕಾರಣ ಹುಟ್ಟಿದ ದಿನದಿಂದ 2 ವರ್ಷ ಅವಧಿ. ವಕೀಲರನ್ನು ಇಡಲೇಬೇಕೆಂದಿಲ್ಲ (ಹೊಟ್ಟೆಪಾಡಿನ ವಿರುದ್ಧ ನಾನೇ ಹೇಳುತ್ತಿದ್ದೇನೆ). 2025ರ ಜನವರಿಯಿಂದ ಇ-ಜಾಗೃತಿ ಪೋರ್ಟಲ್ ಬಂದಿದೆ, ದೂರು ಅದರಲ್ಲೇ ಹಾಕಬಹುದು. ಅದಕ್ಕೂ ಮೊದಲು 1915ಕ್ಕೆ ಫೋನ್ ಮಾಡಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಿ ದಾಖಲಿಸಿ ನೋಡಿ. ಸಣ್ಣ ಕಂಟ್ರಾಕ್ಟರ್‌ಗಳು ಅದಕ್ಕೆ ಬಗ್ಗುವುದು ಅಪರೂಪ, ಸ್ವಲ್ಪ ಹೆಸರಿರುವವರು ಬಗ್ಗುತ್ತಾರೆ.

ಈಗ ಅಪ್ರಿಯವಾದದ್ದು. ಪರೀಕ್ಷೆ ಬೇಕಿಲ್ಲದ ದೂರನ್ನು 3 ತಿಂಗಳಲ್ಲಿ, ಬೇಕಾದದ್ದನ್ನು 5 ತಿಂಗಳಲ್ಲಿ ತೀರಿಸಲು ಪ್ರಯತ್ನಿಸಬೇಕು ಎಂದು ಕಾಯ್ದೆಯಲ್ಲಿದೆ. ಅಷ್ಟರಲ್ಲಿ ಮುಗಿದದ್ದನ್ನು ನಾನು ಕಂಡಿಲ್ಲ. ಅಲ್ಲಿಯವರೆಗೆ ಆಜಿ ಬಕೆಟ್ ಮೇಲೆ ಪೇಪರ್ ಮುಚ್ಚಿಕೊಂಡೇ ಇರಲಾಗದು. ಆದ್ದರಿಂದ ರಿಪೇರಿ ಬೇಗ ಆಗಬೇಕು. ಆದರೆ ಒಡೆಯುವ ಮುಂಚೆ ಸಾಕ್ಷಿ ಕಟ್ಟಿಟ್ಟುಕೊಳ್ಳಿ. ಸಿವಿಲ್ ಎಂಜಿನಿಯರ್ ಒಬ್ಬರನ್ನು ಕರೆಸಿ ಸಹಿ ಹಾಕಿದ ವರದಿ ತೆಗೆದುಕೊಳ್ಳಿ. ಇನ್ನೊಬ್ಬ ಕಂಟ್ರಾಕ್ಟರ್‌ನಿಂದ ದುರಸ್ತಿಯ ಕೊಟೇಶನ್ ತರಿಸಿ. ಕಂಟ್ರಾಕ್ಟರ್‌ಗೆ ಸ್ಪೀಡ್ ಪೋಸ್ಟ್‌ನಲ್ಲಿ ನೋಟಿಸ್ ಕಳಿಸಿ: ಏನು ದೋಷ, ಎಷ್ಟು ದಿನದಲ್ಲಿ ಸರಿಪಡಿಸಬೇಕು, ಇಲ್ಲದಿದ್ದರೆ ಬೇರೆಯವರಿಂದ ಮಾಡಿಸಿ ಖರ್ಚು ವಸೂಲು ಮಾಡುತ್ತೇನೆ. ವಾಟ್ಸಾಪ್ ಮಾತುಕತೆ ಅಳಿಸಬೇಡಿ, ಫೋನ್ ಬದಲಿಸಬೇಡಿ. 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರದೊಂದಿಗೆ ಅದನ್ನು ಹಾಜರುಪಡಿಸಬಹುದು. ದುಡ್ಡು ಹೇಗೆ ಕೊಟ್ಟಿರಿ?

ಮುಲುಂಡ್ ವಾಸಿ:
ಮುಕ್ಕಾಲು ಪಾಲು ಯುಪಿಐ, ಉಳಿದದ್ದು ಕ್ಯಾಶ್. ಬಿಲ್ ಕೇಳಿದ್ದಕ್ಕೆ "ಬಿಲ್ ಬೇಕಾದರೆ 18 ಪರ್ಸೆಂಟ್ ಜಿಎಸ್‌ಟಿ ಮೇಲೆ ಬೀಳ್ತದೆ" ಅಂದಿದ್ದ. ಕೊಟೇಶನ್ ವಾಟ್ಸಾಪ್‌ನಲ್ಲಿ ಉಂಟು. ಅದರಲ್ಲಿ "ವಾಟರ್‌ಪ್ರೂಫಿಂಗ್ 10 ವರ್ಷ ಗ್ಯಾರಂಟಿ" ಅಂತಲೂ ಬರೆದಿದ್ದಾನೆ.

ಡೊಂಬಿವಲಿ ವಕೀಲೆ:
ಯುಪಿಐ ದಾಖಲೆಯೂ ಆ ಕೊಟೇಶನ್ನೂ ಸೇರಿದರೆ ಒಪ್ಪಂದ ತೋರಿಸಲು ಸಾಕು. ಬಿಲ್ ಇಲ್ಲವೆಂದು ದೂರು ಬಿದ್ದುಹೋಗುವುದಿಲ್ಲ. ಹಾಜರಿ ಲೆಕ್ಕದಲ್ಲಿ ಆಳು ಇಟ್ಟು ನೀವೇ ಮೇಲೆ ನಿಂತು ಮಾಡಿಸಿದ್ದರೆ "ಇದು ವೈಯಕ್ತಿಕ ಸೇವೆ" ಎಂದು ತಕರಾರು ತೆಗೆಯಲು ಜಾಗ ಇರುತ್ತಿತ್ತು. ನಿಮ್ಮದು ಗುತ್ತಿಗೆ, ಆ ಭಯ ಇಲ್ಲ.

ಚೆಂಬೂರು ಸೆಕ್ರೆಟರಿ:
10 ವರ್ಷದ ಗ್ಯಾರಂಟಿ ಕೊಟ್ಟವರನ್ನು ಬಹಳ ನೋಡಿದ್ದೇನೆ. ಗ್ಯಾರಂಟಿ ಹತ್ತು ವರ್ಷ, ಸಿಮ್ ಕಾರ್ಡ್ ಹತ್ತು ತಿಂಗಳು.

ವಾಶಿ ಅಪ್ಪು:
ಇಷ್ಟೆಲ್ಲ ರಗಳೆ ಯಾಕೆ? ಆ್ಯಪ್‌ನಲ್ಲಿ ಬುಕ್ ಮಾಡಿದರೆ ಆಗ್ತದಲ್ಲ?

ಮಡಗಾಂವ್ ಮಾಣಿ:
ನಳ ಬದಲಿಸುವುದಕ್ಕೆ, ಫ್ಯಾನ್ ಹಾಕುವುದಕ್ಕೆ ಆ್ಯಪ್ ಒಳ್ಳೆಯದು, ನಾನೂ ಕರೆಸ್ತೇನೆ. ನೆಲ ಒಡೆದು ವಾರಗಟ್ಟಲೆ ನಡೆಯುವ ಕೆಲಸಕ್ಕೆ ಕೊನೆಗೆ ಬರುವುದು ಅದೇ ಊರಿನ ಅದೇ ಮಿಸ್ತ್ರಿಗಳು, ಮೈಮೇಲೆ ಬಣ್ಣದ ಟೀ ಶರ್ಟ್ ಒಂದು ಜಾಸ್ತಿ.

ಗೌಂಡಿ ಮಗ, ಪುಣೆ:
ಮಿಸ್ತ್ರಿಗೋಳ್ನ ಎಲ್ಲಾರೂ ಸೇರಿ ಬೈಯಾಕತ್ತೀರಿ, ಇರ್ಲಿ. ನಮ್ಮ ಕಡಿ ಮಾತೂ ಸ್ವಲ್ಪ ಕೇಳ್ರಿ. ನೀವು ರೊಕ್ಕ ಕೊಟ್ಟಾಂವ ಒಬ್ಬ, ಕೆಲಸ ಮಾಡಿದಾಂವ ಇನ್ನೊಬ್ಬ. ಕಂಟ್ರಾಕ್ಟರ್ ತನ್ನ ಪಾಲು ತಗೊಂಡು ಪೇಟಿ (ಕೈಕೆಳಗಿನ ಸಣ್ಣ) ಕಂಟ್ರಾಕ್ಟರ್‌ಗೆ ಕೊಡ್ತಾನ, ಆಂವ ಟೈಲ್ ಮಿಸ್ತ್ರಿಗೆ ಫೂಟಿನ ಲೆಕ್ಕದಾಗ ಕೊಡ್ತಾನ. ಫೂಟಿನ ಲೆಕ್ಕದಾಗ ದುಡಿಯಾಂವಗ ಢಾಳ (ಇಳಿಜಾರು) ನೋಡ್ಕೋತ, ಲೆವೆಲ್ ಪೈಪ್ ಹಿಡ್ಕೋತ ಕುಂತ್ರ ಸಂಜಿಕ ಹಾಜರಿನೂ ಗಿಟ್ಟಂಗಿಲ್ಲ. ಆಂವ ಜಲ್ದಿ ಹಾಕ್ತಾನ, ಮುಂದಿನ ಸೈಟಿಗೆ ಓಡ್ತಾನ. ಸೊಸೈಟಿಯವರು ಮುಂಜಾನೆ ಹತ್ತರ ಮ್ಯಾಲೆ ಬರ್ರಿ, ಮಧ್ಯಾಹ್ನ ಸಪ್ಪಳ ಮಾಡಬ್ಯಾಡ್ರಿ, ಐದಕ್ಕ ಹೊಂಟು ಹೋಗ್ರಿ, ಲಿಫ್ಟಿನ್ಯಾಗ ಡೆಬ್ರಿ ಒಯ್ಯಬ್ಯಾಡ್ರಿ ಅಂತಾರ. ಆರು ಮಾಳಿಗಿ ಗೋಣಿಚೀಲ ಹೊತ್ತು ಇಳಿಸಿದ ಮ್ಯಾಲೆ ಕೋಟಿಂಗ್ ಎರಡನೇ ಕೈ ಹೊಡಿಯಾಕ ಯಾರಿಗೆ ತಾಳ್ಮಿ ಇರ್ತದ?

ಮನಿಯವ್ರೂ ಅಷ್ಟ. "ಹಬ್ಬದೊಳಗ ಆಗಬೇಕು" ಅಂತಾರ. ಮೊದಲನೇ ಕೋಟ್ ಒಣಗಾಕ ಬಿಡಬೇಕು, ಎರಡನೇದು ಹೊಡೀಬೇಕು, ಗ್ವಾಡಿ ಮ್ಯಾಲೆ ಕನಿಷ್ಠ ಒಂದು ಫೂಟ್ ಏರಿಸಬೇಕು, ಹೊಸ್ತಿಲು ಕಲ್ಲಿನ ಕೆಳಗ ಒಯ್ಯಬೇಕು, ಟ್ರ್ಯಾಪ್ ಸುತ್ತ ಜಾಳಿಗಿ ಬಟ್ಟಿ ಇಟ್ಟು ತೀಡಬೇಕು, ಆಮ್ಯಾಲ ನೀರು ನಿಲ್ಲಿಸಿ ನೋಡಬೇಕು. ಇಷ್ಟ್ ದಿನ ಕೆಲಸ ನಿಂತದ ಅಂತ ಮನಿಯವ್ರೇ ಫೋನ್ ಮಾಡಿ ಕಿರಿಚ್ತಾರ.

ರೊಕ್ಕ ಕೊಡೋ ಪದ್ಧತಿ ಬದಲ್ ಮಾಡ್ರಿ. ಕಡೀಕ ಹತ್ತು ಪರ್ಸೆಂಟ್ ಹಿಡಿದ್ರ ಕಂಟ್ರಾಕ್ಟರ್ ಅದನ್ನ ಬಿಟ್ಟು ಹೋಗಾಕ ಮೊದಲ ತಯಾರ್ ಇರ್ತಾನ, ನಿಮ್ಮ 20 ಸಾವಿರ ಬಿಟ್ಟು ಹೋದಂಗ. ದೊಡ್ಡ ಕಂತು ಟೈಲ್ ಹಾಕೋ ಮೊದಲ ಹಿಡೀಬೇಕು. ಪೈಪಿನ ಪ್ರೆಶರ್ ಟೆಸ್ಟ್ ಮುಗೀಲಿ, ನೀರು ನಿಲ್ಲಿಸಿದ್ದು ಮುಗೀಲಿ, ನೀವು ಕೆಳಗಿನ ಮನಿಗೆ ಹೋಗಿ ಸೀಲಿಂಗ್‌ಗೆ ಕೈ ಹಚ್ಚಿ ನೋಡ್ರಿ. ಆಮ್ಯಾಲ ಆ ಕಂತು ಬಿಡ್ರಿ. ಆಗ ಕೆಲಸ ಇನ್ನೂ ಕಣ್ಣಿಗೆ ಕಾಣ್ತಿರ್ತದ, ರೊಕ್ಕನೂ ನಿಮ್ಮ ಕೈಯಾಗಿರ್ತದ.

ಚೆಂಬೂರು ಸೆಕ್ರೆಟರಿ:
ಲಿಫ್ಟ್ ವಿಷಯದಲ್ಲಿ ನನ್ನನ್ನೇ ಬೈದ ಹಾಗಿದೆ. ಆದರೂ ಕಂತಿನ ಮಾತು ನೂರಕ್ಕೆ ನೂರು ಸರಿ. ನಮ್ಮ ಸೊಸೈಟಿಯಲ್ಲಿ ಈ ವರ್ಷದಿಂದ ರಿನೋವೇಶನ್ ಡಿಪಾಸಿಟ್ ವಾಪಸ್ ಮಾಡುವ ಮೊದಲು ಕೆಳಗಿನ ಮನೆಯವರ ಸಹಿ ಕೇಳ್ತೇವೆ.

ಮುಲುಂಡ್ ವಾಸಿ:
ಎಲ್ಲರಿಗೂ ಧನ್ಯವಾದ. ತಡವಾಗಿ ಬರೀತಿದ್ದೇನೆ. ಗೌಂಡಿ ಅಣ್ಣ ಹೇಳಿದ ಹಾಗೆಯೇ ಮಾಡಿದೆವು. ವಾಲ್ವ್ ಚಾಲೂ ಇಟ್ಟು ಬಾತ್‌ರೂಮ್ ಬಂದ್ ಮಾಡಿದಾಗ ಕೆಳಗೆ ಹನಿ ನಿಂತಿತು. ಆಮೇಲೆ ಹೋಳಿಯಲ್ಲಿ ಉಳಿದಿದ್ದ ಹಸಿರು ಬಣ್ಣ ಕಲಸಿ ಜಾಲಿಗೆ ಮಾತ್ರ ಹೊಯ್ದೆವು. ಮರುದಿನ ಬೆಳಿಗ್ಗೆ ಆಜಿಯ ಫೋನ್: "ಹಿರವಂ ಆಲಂ, ಹಿರವಂ ಆಲಂ!" (ಹಸಿರು ಬಂತು!) ಕೆಳಗೆ ಹೋದರೆ ಹಳದಿ ಕಲೆಯ ನಡುವೆ ಸಪೂರ ಹಸಿರು ಗೆರೆ, ಆಜಿಗೆ ನಮಗಿಂತ ಜಾಸ್ತಿ ಖುಷಿ.

ಎಂಜಿನಿಯರ್ ಬಂದು ನೋಡಿ ಟ್ರ್ಯಾಪ್ ಜೋಡಣೆ ಬಿಟ್ಟಿದೆ, ಇಳಿಜಾರು ತಿರುಗಾಮುರುಗಾ ಉಂಟು ಅಂತ ವರದಿ ಕೊಟ್ಟರು. ಫೋಟೋ, ವರದಿ ಸೇರಿಸಿ ವಕೀಲೆ ಅಕ್ಕ ಹೇಳಿದ ಮಾದರಿಯಲ್ಲಿ ನೋಟಿಸ್ ಸ್ಪೀಡ್ ಪೋಸ್ಟ್ ಮಾಡಿದೆ, ವಾಟ್ಸಾಪ್‌ನಲ್ಲೂ ಹಾಕಿದೆ. ಫೋನ್ ಎತ್ತದವನು ಅದೇ ಸಂಜೆ ಮನೆಗೆ ಬಂದ. ಬೇರೆ ಸೈಟ್‌ನಲ್ಲಿ ದುಡ್ಡು ಸಿಕ್ಕಿಬಿದ್ದದ್ದು, ಟೈಲ್ ಮಿಸ್ತ್ರಿ ಊರಿಗೆ ಹೋದದ್ದು ಎಲ್ಲ ಹೇಳಿದ. ಕೊನೆಗೆ ನೆಲ ಪೂರ್ತಿ ತೆಗೆದು ಹೊಸ ಟ್ರ್ಯಾಪ್ ಹಾಕಿ ಮಾಡಿಕೊಡಲು ಒಪ್ಪಿದ್ದಾನೆ. ಕೂಲಿ ಅವನದ್ದು. ಟೈಲ್ ಬಿಟ್ಟು ಉಳಿದ ಮಾಲನ್ನು ನಾವು ತರ್ತೇವೆ, ಅದರ ದುಡ್ಡು ಬಾಕಿ 20 ಸಾವಿರದಲ್ಲಿ ವಜಾ. ಆಜಿಯ ಸೀಲಿಂಗ್ ಪೇಂಟಿಂಗ್ ಅವನೇ ಮಾಡಿಸಬೇಕು. ಎಲ್ಲ ಒಂದು ಹಾಳೆಯಲ್ಲಿ ಬರೆಸಿ ಸಹಿ, ಆಧಾರ್ ನಕಲು ತೆಗೆದುಕೊಂಡೆ.

ಗೌಂಡಿ ಮಗ, ಪುಣೆ:
ಅದೇ ಮನುಷ್ಯಾನ ಕೈಲೆ ಮತ್ತ ಮಾಡ್ಸೋದು ನಂಗ ಮನಸ್ಸಿಗೆ ಬರವಲ್ದು ಅಕ್ಕಾರ. ಒಮ್ಮೆ ಕದ್ದು ಮುಚ್ಚಿದಾಂವ.

ಡೊಂಬಿವಲಿ ವಕೀಲೆ:
ಸರಿಪಡಿಸಲು ಒಂದು ಅವಕಾಶ ಕೊಟ್ಟದ್ದು ಮುಂದೆ ನಿಮ್ಮ ಪರವಾಗಿಯೇ ನಿಲ್ಲುತ್ತದೆ. ಹಾಳೆಯಲ್ಲಿ ಮುಗಿಸುವ ತಾರೀಖು ಇದೆಯೇ ನೋಡಿ, ಇಲ್ಲದಿದ್ದರೆ ಸೇರಿಸಿ. ದೂರಿನ ಹಕ್ಕು ಬಿಟ್ಟುಕೊಟ್ಟೆ ಎಂಬ ಅರ್ಥದ ಸಾಲು ಇದ್ದರೆ ಹೊಡೆದುಹಾಕಿಸಿ.

ಮುಲುಂಡ್ ವಾಸಿ:
ತಾರೀಖು ಇರಲಿಲ್ಲ, ಇವತ್ತು ಬರೆಸ್ತೇನೆ. ಈ ಸಲ ಬ್ರೇಕರ್ ಬೇಡ ಅಂತಲೂ ಬರೆಸಿದ್ದೇನೆ. ಗೌಂಡಿ ಅಣ್ಣ, ನೀರು ನಿಲ್ಲಿಸಿದಾಗ ಮಟ್ಟ ಸ್ವಲ್ಪವೂ ಇಳಿಯಬಾರದಾ? ಎರಡು ದಿನ ಅಂತ ಮಾತಾಗಿದೆ.

ಗೌಂಡಿ ಮಗ, ಪುಣೆ:
ಆವಿಯಾಗಿ ಎರಡು ದಿನಕ್ಕ ಕೆಲವು ಮಿಲಿಮೀಟರ್ ಇಳಿದ್ರ ಚಿಂತಿ ಮಾಡಬ್ಯಾಡ್ರಿ. ಗ್ವಾಡಿ ಮ್ಯಾಲೆ ಪೆನ್ಸಿಲ್‌ಲೆ ಗೆರಿ ಹೊಡೀರಿ, ತಾರೀಖು-ಟೈಮ್ ಬರೀರಿ, ಫೋಟೋ ತಗೀರಿ. ಬಾಜೂಕ ಒಂದು ಬುಟ್ಟಿಯೊಳಗ ಅಷ್ಟೇ ಆಳ ನೀರು ಇಡ್ರಿ. ಬುಟ್ಟಿಯಾಗಿಂದು ಎಷ್ಟ್ ಇಳೀತದೋ ನೆಲದ್ದೂ ಅಷ್ಟ ಇಳೀಬೇಕು. ಹೆಚ್ಚಿಗಿ ಇಳಿದ್ರ ಮೊದಲ ಜಾಲಿಯ ಬೂಚು ಸೋರಾಕತ್ತದೇನು ನೋಡ್ರಿ, ಆಮ್ಯಾಲ ಜಗಳ ತಗೀರಿ. ಪೇಟಿ ಕಂಟ್ರಾಕ್ಟರ್ ಹುಡುಗೂರು ರಾತ್ರಿ ಬೂಚು ತಗದು, ಮುಂಜಾನೆ ಮತ್ತ ನೀರು ತುಂಬಿ ಗೆರಿಗೆ ಸಮ ಮಾಡಿದ್ದೂ ನೋಡೀನಿ. ಬಾಗಿಲಿಗೆ ಕೀಲಿ ಹಾಕ್ರಿ.

ಚೆಂಬೂರು ಸೆಕ್ರೆಟರಿ:
ಮತ್ತೆ ನಿಮ್ಮ ಸೊಸೈಟಿಯಲ್ಲಿ ನೀರು ಬಿಡುವ ಹೊತ್ತು ನೋಡಿಕೊಂಡು ತುಂಬಿಸಿ. ಟ್ಯಾಂಕ್ ಖಾಲಿ ಮಾಡಿದರೆ ನಿಮ್ಮ ಸೆಕ್ರೆಟರಿಯ ಕೈಯಲ್ಲಿ ಬೈಸಿಕೊಳ್ತೀರಿ. ಆಜಿಗೂ ಮೊದಲೇ ಹೇಳಿಡಿ, ಎರಡು ದಿನ ಅವರ ಬಾತ್‌ರೂಮ್ ಲೈಟ್ ಸ್ವಿಚ್ ಮುಟ್ಟುವುದು ಬೇಡ.